ಸ್ಟೇಜ್ ಟೂ ಆದಮೇಲೆ ಉಳಿದದ್ದು

ಭಾನುವಾರ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಬೆಂಗಳೂರಿನ ಅಪಾರ್ಟ್‌ಮೆಂಟುಗಳ ನೆಲಮಾಳಿಗೆಯಲ್ಲಿ ಒಂದು ಬಗೆಯ ಸಂತೆ ನೆರೆಯುತ್ತದೆ. ಬೋರ್ಡಿಲ್ಲ, ಕೂಗಿಲ್ಲ, ಸುಂಕದವನಿಲ್ಲ. ಎರಡು ಕಾರುಗಳ ನಡುವಿನ ಜಾಗದಲ್ಲಿ ಯಾರೋ ಮುಖಂಡರ ಹೋದ ವರ್ಷದ ಹುಟ್ಟುಹಬ್ಬದ ಫ್ಲೆಕ್ಸನ್ನು ಮಗುಚಿ ಹಾಸಿರುತ್ತಾರೆ. ಅದರ ಬಿಳಿ ಬೆನ್ನಿನ ಮೇಲೆ ನಾಲ್ಕು ಕಪ್ಪು ಸ್ಪ್ರಿಂಗು, ನಾಲ್ಕು ಹಳದಿ ಡ್ಯಾಂಪರು, ಒಂದು ಏರ್ ಫಿಲ್ಟರ್ ಡಬ್ಬ, ಮಸಿ ಮೆತ್ತಿದ ಬಾಯಿಯ ಸೈಲೆನ್ಸರ್ ಪೈಪು, ಅಂಗೈಯಗಲದ ಒಂದು ಟರ್ಬೊ. ಬದಿಗೆ ಖಾಲಿ ಜಾಮ್ ಬಾಟಲಿಯಲ್ಲಿ ಬೋಲ್ಟುಗಳು. ಸೀಮೆಎಣ್ಣೆಯೂ ಹಳೆ ಇಂಜಿನ್ ಆಯಿಲೂ ಬೆರೆತ ವಾಸನೆ ಲಿಫ್ಟಿನ ಬಾಗಿಲವರೆಗೂ ಹಬ್ಬಿರುತ್ತದೆ. ಪೂಜೆಗೆ ಹೂವು ತರಲು ಇಳಿದುಬಂದ ಹೆಂಗಸರು ಮೂಗು ಮುಚ್ಚಿಕೊಂಡು ದಾಟಿಹೋಗುತ್ತಾರೆ.

ಮಾಲಿನ ಯಜಮಾನ ಮೂವತ್ತರ ಆಸುಪಾಸಿನವನು, ಸಾಫ್ಟ್‌ವೇರಿನವನು. ಚಡ್ಡಿ, ಮಾಸಿದ ಟೀ ಶರ್ಟು, ಎಷ್ಟು ತೊಳೆದರೂ ಉಗುರಂಚಿನಿಂದ ಹೋಗದ ಕಪ್ಪು. ಹಿಂದೆ ನಿಂತಿರುವುದು ಅವನ ಕೆಂಪು ಪೋಲೊ ಜಿಟಿ ಟಿಎಸ್‌ಐ. ನಿನ್ನೆಯವರೆಗೂ ಈ ಸಾಮಾನೆಲ್ಲ ಅದರ ಹೊಟ್ಟೆಯೊಳಗೇ ಇತ್ತು. ಈಗ ಅದಕ್ಕೆ ಎತ್ತರ ತಗ್ಗಿಸಿ ಏರಿಸುವ ಕಾಯ್ಲೋವರ್ ಬಂದಿದೆ, ದೊಡ್ಡ ಟರ್ಬೊ ಬಂದಿದೆ. ಕಳಚಿದ್ದನ್ನು ಮಾರಿ ಹೊಸದರ ಸಾಲದಲ್ಲಿ ಒಂದು ಭಾಗ ತೀರಿಸಿಕೊಳ್ಳುವುದು ಅವನ ಲೆಕ್ಕಾಚಾರ. ಮನೆಯವರಿಗೆ ಹೇಳಿರುವ ಲೆಕ್ಕ ಬೇರೆ ಇರುತ್ತದೆ, ಅದು ನಮಗೆ ಬೇಡ.

ಈ ಕಾರಿನ ಬಗ್ಗೆ ಎರಡು ಮಾತು ಹೇಳದಿದ್ದರೆ ಇಷ್ಟೊಂದು ಜನ ಇದರ ಹಳೆ ಸಾಮಾನಿಗೆ ಯಾಕೆ ಬರುತ್ತಾರೆಂಬುದು ತಿಳಿಯದು. ಫೋಕ್ಸ್‌ವ್ಯಾಗನ್ 2013ರಲ್ಲಿ ಇದನ್ನು ನಮ್ಮಲ್ಲಿ ಬಿಟ್ಟಾಗ ಇಂಜಿನ್ನು ಬರೀ 1.2 ಲೀಟರಿನದು, ಆದರೆ ಟರ್ಬೊ ಸೇರಿ 105 ಅಶ್ವಶಕ್ತಿ, ಜೊತೆಗೆ ಏಳು ಗೇರಿನ ಡಿಎಸ್‌ಜಿ. ಮಧ್ಯಮ ವರ್ಗದ ಹುಡುಗನ ಕೈಗೆಟಕುವ ಬೆಲೆಯಲ್ಲಿ ಅಂಥ ಎಳೆತ ಅದುವರೆಗೆ ಹೆಚ್ಚು ಕಾರುಗಳಲ್ಲಿ ಇರಲಿಲ್ಲ. ಹಿಂದಿನ ತಲೆಮಾರಿನವರಿಗೆ ಹೋಂಡಾ ಸಿಟಿಯ 1.5 ವಿಟೆಕ್, ಅದಕ್ಕೂ ಹಿಂದೆ ರ‍್ಯಾಲಿಗಳಲ್ಲಿ ಕೆಸರು ಹಾರಿಸುತ್ತಿದ್ದ ಎಸ್ಟೀಮ್, ಜಿಪ್ಸಿ. ಇವರಿಗೆ ಪೋಲೊ. 2022ರಲ್ಲಿ ಪುಣೆ ಬಳಿಯ ಚಾಕಣದ ಕಾರ್ಖಾನೆ ಪೋಲೊ ತಯಾರಿಕೆಯನ್ನೇ ನಿಲ್ಲಿಸಿತು. ನಿಂತುಹೋದ ಕಾರಿನ ಸಾಮಾನಿಗೆ ಬೆಲೆ ಬೇರೆಯೇ.

ಇವರ ಲೋಕದಲ್ಲಿ ಸುಧಾರಣೆಗೆ ಮೆಟ್ಟಿಲುಗಳಿವೆ. ‘ಸ್ಟೇಜ್ ಒನ್’ ಎಂದರೆ ಕಾರಿನ ಕಂಪ್ಯೂಟರಿನ ಲೆಕ್ಕಪತ್ರ ತಿದ್ದಿಸುವುದು, ಅಂದರೆ ರೀಮ್ಯಾಪ್. ಜೊತೆಗೆ ಒಳ್ಳೆಯ ಏರ್ ಫಿಲ್ಟರು. ‘ಸ್ಟೇಜ್ ಟೂ’ ಎಂದರೆ ಹೊಗೆ ಹೋಗುವ ದಾರಿಯನ್ನೂ ಅಗಲ ಮಾಡುವುದು. ಆಮೇಲೆ ಟರ್ಬೊ ಬದಲು, ಆಮೇಲೆ ಇಂಜಿನ್ ಒಳಗಿನದು, ಆಮೇಲೆ ಬ್ಯಾಂಕಿನವರ ಫೋನು. ಒಬ್ಬ ಒಂದು ಮೆಟ್ಟಿಲು ಹತ್ತಿದಾಗ ಅವನು ಬಿಟ್ಟ ಮೆಟ್ಟಿಲಿಗೆ ಇನ್ನೊಬ್ಬ ಕಾಲಿಡುತ್ತಾನೆ. ಅಣ್ಣನ ಶಾಲೆ ಅಂಗಿ ತಮ್ಮನಿಗೆ ಬಂದ ಹಾಗೆ ಒಂದೇ ಸೆಟ್ಟು ಸ್ಪ್ರಿಂಗು ನಾಲ್ಕು ಕಾರಿನ ಕೆಳಗೆ ಬಾಳಿ ಬಂದಿರುತ್ತದೆ. ಬೆಂಗಳೂರಿನಲ್ಲಿ ಶುರುವಾದದ್ದು ಮೈಸೂರಿಗೆ, ಅಲ್ಲಿಂದ ಮಡಿಕೇರಿಗೆ, ಕೊನೆಗೆ ಮಂಗಳೂರಿಗೆ. ಮಂಗಳೂರು ಸೇರಿದ್ದು ತುಕ್ಕು ಹತ್ತಿಸಿಕೊಂಡು ಅಲ್ಲಿಯೇ ಮುಗಿಯುತ್ತದೆ. ಸಮುದ್ರದ ಉಪ್ಪುಗಾಳಿ ತಿಂದ ಕಾಯ್ಲೋವರಿನ ತಿರುಪನ್ನು ತಿರುಗಿಸಲು ಯಾವ ಸ್ಪ್ಯಾನರಿಗೂ ಆಗದು.

ಬೆಳಿಗ್ಗೆಯಿಂದ ಫೋನು ಬಡಿದುಕೊಳ್ಳುತ್ತಲೇ ಇರುತ್ತದೆ. 

‘ಸರ್, ಅಲಾಯ್ ಇದೆಯಾ ಇನ್ನೂ?’

‘ಇದೆ.’

‘ಸ್ವಿಫ್ಟ್‌ಗೆ ಆಗುತ್ತಾ?’

‘ಇಲ್ಲ ಬ್ರೋ, ಇದು ಐದು ಬೋಲ್ಟು, ನಿಮ್ಮದು ನಾಲ್ಕು.’

‘ಅಡ್ಜಸ್ಟ್ ಮಾಡ್ಕೊಳ್ಳೋಕೆ ಆಗಲ್ವಾ?’

ಇದಕ್ಕೆ ಏನು ಉತ್ತರ ಹೇಳುವುದು? ಪೋಲೊದ ಚಕ್ರದಲ್ಲಿ ಐದು ಬೋಲ್ಟುಗಳು ಸರಿಯಾಗಿ 100 ಮಿಲಿಮೀಟರ್ ವ್ಯಾಸದ ವೃತ್ತದ ಮೇಲೆ ಕೂರುತ್ತವೆ. ನಡುವಿನ ತೂತು 57.1 ಮಿಲಿಮೀಟರು. ಅದೇ ಕಂಪನಿ ಬಳಗದ ಲಾರಾ ಕಾರಿನಲ್ಲೂ ಐದೇ ಬೋಲ್ಟು, ಆದರೆ ವೃತ್ತ 112ರದು. ಕಣ್ಣಿಗೆ ಎರಡೂ ಒಂದೇ. ಕೂರಿಸಲು ಹೋದರೆ ಕೂರುವುದಿಲ್ಲ. ಮತ್ತೊಬ್ಬ ಬೇರೇನನ್ನೂ ಕೇಳುವುದಿಲ್ಲ, ಎರಡೇ ಪದ: ‘ಲಾಸ್ಟ್ ಎಷ್ಟು?’ ಸಾಮಾನು ನೋಡದೆ, ಯಾವ ಕಾರಿನದೆಂದು ಕೇಳದೆ, ಮೊದಲ ಬೆಲೆ ಹೇಳುವ ಮುನ್ನವೇ ಕೊನೆಯ ಬೆಲೆ ಕೇಳುವ ಈ ಜನ ಎಲ್ಲ ವ್ಯಾಪಾರದಲ್ಲೂ ಇದ್ದಾರೆ. ಇಲ್ಲಿ ಸ್ವಲ್ಪ ಜಾಸ್ತಿ. ಹತ್ತು ಗಂಟೆಗೆ ಬಂದೇ ಬರುತ್ತೇನೆಂದವನು ಹನ್ನೊಂದಕ್ಕೆ ‘ಟ್ರಾಫಿಕ್’ ಎನ್ನುತ್ತಾನೆ, ಹನ್ನೆರಡಕ್ಕೆ ಫೋನ್ ಎತ್ತುವುದಿಲ್ಲ.

ನಿಜವಾದ ಗಿರಾಕಿ ಹೀಗೆ ಕೇಳುವುದಿಲ್ಲ. ಅವನು ಬರುತ್ತಾನೆ, ಜೊತೆಗೆ ಒಬ್ಬನನ್ನು ಕರೆತರುತ್ತಾನೆ. ಮೈಸೂರಿನಿಂದ ಬೆಳಿಗ್ಗೆಯೇ ಹೊರಟ ಮೂವರು ಇಂಜಿನಿಯರಿಂಗ್ ಹುಡುಗರು ಬೆಳ್ಳಿ ಬಣ್ಣದ ಪೋಲೊದಲ್ಲಿ ಇಳಿದು ಬಂದರು. ಹಿಂದಿನ ಸೀಟಿನಿಂದ ಕೊನೆಗೆ ಇಳಿದವರು ಐವತ್ತು ದಾಟಿದ ಮೇಸ್ತ್ರಿ. ಖಾಕಿ ಅಂಗಿ, ಕಿವಿಯ ಮೇಲೆ ಸಿಕ್ಕಿಸಿದ ಪೆನ್ನು, ಬಾಯಲ್ಲಿ ಎಲೆಯಡಿಕೆ. ಹುಡುಗರು ಟರ್ಬೊ ನೋಡಿ ಕಣ್ಣರಳಿಸಿದರೆ ಮೇಸ್ತ್ರಿ ಮೊದಲು ನೋಡಿದ್ದು ಜಾಮ್ ಬಾಟಲಿಯನ್ನು.

‘ಬೋಲ್ಟೆಲ್ಲಾ ಎತ್ತಿಟ್ಟಿದ್ದಾನೆ’ ಎಂದರು. ಅದು ಮೆಚ್ಚುಗೆ. ಬೋಲ್ಟು ಕಳೆದವನು ಇನ್ನೇನನ್ನು ಕಳೆದಿರುತ್ತಾನೋ ಎಂಬುದು ಅವರ ತರ್ಕ, ನನಗೂ ಸರಿಯೆನಿಸಿತು.

ಆಮೇಲೆ ಫ್ಲೆಕ್ಸಿನ ಅಂಚಿಗೆ ಕುಕ್ಕರಗಾಲಲ್ಲಿ ಕುಳಿತರು. ಹಳದಿ ಬಿಲ್‌ಸ್ಟೈನ್ ಡ್ಯಾಂಪರನ್ನು ನೇರ ನಿಲ್ಲಿಸಿ ಅದರ ಕಡ್ಡಿಯನ್ನು ಅಂಗೈಯಿಂದ ಒಳಗೆ ಒತ್ತಿ ಬಿಟ್ಟರು. ಒಳಗೆ ಅನಿಲದ ಒತ್ತಡ ಉಳಿದಿದ್ದರೆ ಕಡ್ಡಿ ತಾನಾಗಿ, ಅವಸರವಿಲ್ಲದೆ, ಒಂದೇ ವೇಗದಲ್ಲಿ ಮೇಲೆ ಬರಬೇಕು. ನಡುವೆ ತಡೆದರೂ ತಪ್ಪು, ಒತ್ತಿದಲ್ಲೇ ಉಳಿದರೂ ತಪ್ಪು. ಮೂರು ಬಂದವು. ನಾಲ್ಕನೆಯದು ಬಂತು, ಆದರೆ ಸೀಲಿನ ಸುತ್ತ ಕಡ್ಡಿಯ ಮೇಲೆ ಎಣ್ಣೆಯ ಸಣ್ಣ ಉಂಗುರ. ಮೇಸ್ತ್ರಿ ಅದನ್ನು ಹೆಬ್ಬೆರಳಿಂದ ಒರೆಸಿ, ಬೆರಳನ್ನು ಹುಡುಗರ ಮುಖದ ಮುಂದೆ ಹಿಡಿದರು. ಮಾತಾಡಲಿಲ್ಲ. ಯಜಮಾನನ ಮುಖ ಸ್ವಲ್ಪ ಇಳಿಯಿತು. ಬೆಲೆಯೂ ಇಳಿಯುವುದೆಂದು ಅವನಿಗೆ ಗೊತ್ತಾಯಿತು.

ಟರ್ಬೊ ಪರೀಕ್ಷೆ ನೋಡುವುದಕ್ಕೇ ಚೆಂದ. ಒಳಗಿನ ಗಾಲಿಯ ಹಲ್ಲುಗಳು ಉಗುರಿನಷ್ಟು ತೆಳು. ಕಾರು ಓಡುವಾಗ ಇವು ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತವೆ, ಎಣ್ಣೆಯ ತೆಳು ಪದರದ ಮೇಲೆ ತೇಲುತ್ತ. ಹಾಗಾಗಿ ಗಾಲಿಯನ್ನು ಪಕ್ಕಕ್ಕೆ ಅಲ್ಲಾಡಿಸಿದರೆ ಕೂದಲೆಳೆಯಷ್ಟು ಸಡಿಲ ಇದ್ದೇ ಇರುತ್ತದೆ, ಹೆದರಬೇಕಿಲ್ಲ. ಹಿಂದಕ್ಕೂ ಮುಂದಕ್ಕೂ ಜಗ್ಗಿದರೆ ಮಾತ್ರ ಅಲುಗಬಾರದು. ಮೇಸ್ತ್ರಿ ಎರಡು ಬೆರಳಲ್ಲಿ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿದರು, ಹಿಂದೆ ಮುಂದೆ ಎಳೆದರು, ಕಿವಿ ಹತ್ತಿರ ತಂದು ಗಾಲಿಯನ್ನು ಉಗುರಿಂದ ತಿರುಗಿಸಿದರು. ಎಲ್ಲೂ ಉಜ್ಜುವ ಸದ್ದಿಲ್ಲ. ಮೊಬೈಲಿನ ಬೆಳಕು ಬಿಟ್ಟು ಹಲ್ಲಿನ ತುದಿಗಳನ್ನು ಒಂದೊಂದಾಗಿ ನೋಡಿದರು. ಏರ್ ಫಿಲ್ಟರ್ ಸರಿಯಾಗಿ ಕೂರದ ಕಾರಿನಲ್ಲಿ ಮಲೆನಾಡಿನ ಕೆಂಧೂಳು ಒಳಗೆ ನುಗ್ಗಿ ಈ ತುದಿಗಳನ್ನು ಸವೆಸಿಬಿಡುತ್ತದೆ. ಒಂದು ಸಣ್ಣ ಕಲ್ಲು ಹೋದರಂತೂ ಕಥೆ ಮುಗಿಯಿತು.

‘ಆಯಿಲ್ ಎಷ್ಟಕ್ಕೆ ಬದಲಾಯಿಸ್ತಿದ್ರಿ?’

ಯಜಮಾನ ಉತ್ತರ ಹೇಳಲಿಲ್ಲ. ಕಾರಿನೊಳಗಿಂದ ಒಂದು ಪ್ಲಾಸ್ಟಿಕ್ ಫೋಲ್ಡರು ತಂದು ಕೊಟ್ಟ. ಕೊಂಡ ಬಿಲ್ಲು, ಹಾಕಿದ ದಿನ ಓಡೊಮೀಟರಿನ ಫೋಟೊ, ಕಳಚಿದ ದಿನದ ಫೋಟೊ, ಪ್ರತಿ ಸಲದ ಆಯಿಲ್ ಬಿಲ್ಲು, ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ಕಾರು ಓಡಿಸಿದ ದಿನದ ರಸೀತಿ ಕೂಡ. ಈ ಕೊನೆಯದನ್ನು ಸಾಮಾನ್ಯವಾಗಿ ಯಾರೂ ತೋರಿಸುವುದಿಲ್ಲ. ಟ್ರ್ಯಾಕಿನ ಮೇಲೆ ಕಳೆದ ಒಂದು ದಿನ ಬ್ರೇಕಿಗೂ ಟೈರಿಗೂ ಟರ್ಬೊಗೂ ಊರೊಳಗಿನ ತಿಂಗಳುಗಳ ಸವೆತವನ್ನು ಒಟ್ಟಿಗೆ ತಂದುಕೊಡುತ್ತದೆ. ‘ಆಫೀಸಿಗೆ ಹೋಗಿಬರೋಕೆ ಮಾತ್ರ ಓಡಿಸಿದ್ದು’ ಎಂಬುದು ಈ ವ್ಯಾಪಾರದ ಅತಿ ಹಳೆಯ ಸುಳ್ಳು. ಆಫೀಸಿಗೆ ಹೋಗಿಬರುವವನು ಟರ್ಬೊ ಯಾಕೆ ಬದಲಾಯಿಸುತ್ತಾನೆ? ಸತ್ಯ ಹೇಳಿದ ಕಾಗದ ನೋಡಿದ ಮೇಲೆ ಮೇಸ್ತ್ರಿಯ ದನಿಯೇ ಬದಲಾಯಿತು. ಅವರು ಎಲೆಯಡಿಕೆ ಉಗಿದು ಬಂದು ಗಂಭೀರವಾಗಿ ಕುಳಿತರು.

ಬಳಸಿದ ಪರ್ಫಾರ್ಮೆನ್ಸ್ ಸಾಮಾನಿಗೆ ಬೆಲೆ ಕಟ್ಟುವುದು ಈ ಫೋಲ್ಡರಿನಿಂದಲೇ ಎಂದು ನನ್ನ ಎಣಿಕೆ. ಹೊಸದಾಗಿ ಎಷ್ಟಕ್ಕೆ ತಂದಿರಿ ಎಂಬುದು ಕೊಳ್ಳುವವನಿಗೆ ಸಂಬಂಧಿಸಿದ್ದಲ್ಲ. ಡಬ್ಬ ಒಡೆದು ಬೋಲ್ಟು ಬಿಗಿದ ಗಳಿಗೆಯಲ್ಲೇ ಬೆಲೆಯ ದೊಡ್ಡ ತುಂಡೊಂದು ಉದುರಿಹೋಗುತ್ತದೆ. ಕೂಲಿ ಕೊಟ್ಟದ್ದು, ಜರ್ಮನಿಯಿಂದ ತರಿಸುವಾಗ ಕಟ್ಟಿದ ಸುಂಕ, ಆ ಸಂಜೆ ನಂದಿಬೆಟ್ಟದ ದಾರಿಯಲ್ಲಿ ಪಟ್ಟ ಖುಷಿ, ಇದ್ಯಾವುದಕ್ಕೂ ಎರಡನೆಯವನು ಕಾಸು ಕೊಡುವುದಿಲ್ಲ. ಮೇಲಾಗಿ 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಹೊಸದರ ಬೆಲೆ ತಗ್ಗಿದರೆ ಹಳೆಯದೂ ತಗ್ಗಲೇಬೇಕಲ್ಲ. ತನ್ನ ಹಳೆ ಬಿಲ್ಲು ಹಿಡಿದು ‘ನಾನು ಕೊಟ್ಟದ್ದೇ ಇಷ್ಟು’ ಎಂದು ಹಟ ಹಿಡಿಯುವವನ ಸಾಮಾನು ಮಳೆಗಾಲ ಮುಗಿದರೂ ನೆಲಮಾಳಿಗೆಯಲ್ಲೇ ಇರುತ್ತದೆ.

ರೀಮ್ಯಾಪಿನ ಕಥೆ ಇನ್ನೂ ಕಷ್ಟ. ಅತಿ ಹೆಚ್ಚು ಶಕ್ತಿ ಕೊಟ್ಟದ್ದು ಅದೇ, ಮಾರಲಾಗದ್ದೂ ಅದೇ. ಅದು ಆ ಕಾರಿನ ಕಂಪ್ಯೂಟರಿಗೆ ಅಂಟಿಕೊಂಡ ಲೆಕ್ಕ. ಕಳಚಿ ಫ್ಲೆಕ್ಸಿನ ಮೇಲೆ ಇಡಲು ಬರುವುದಿಲ್ಲ. ಬದಲಿಗೆ ಹೊರಗಿನಿಂದ ತಂತಿಗೆ ಸಿಕ್ಕಿಸುವ ಟ್ಯೂನಿಂಗ್ ಪೆಟ್ಟಿಗೆ ಹಾಕಿಸಿದ್ದವನು ಅದನ್ನು ಬಿಚ್ಚಿ ಮಾರಬಲ್ಲ.

ಅಲಾಯ್ ಚಕ್ರಗಳ ಕಡೆ ಹುಡುಗರೇ ತಿರುಗಿದರು. ಬೂದು ಬಣ್ಣ, 16 ಇಂಚು, ಚೆನ್ನಾಗಿ ತೊಳೆದು ಪಾಲಿಶ್ ಹಾಕಿದ್ದು. ಮೇಸ್ತ್ರಿ ಅವನ್ನು ಮಗುಚಿ ಹಾಕಿಸಿದರು. ಮುಂಭಾಗ ಮಾರುವವನು ತೋರಿಸುವುದು, ಹಿಂಭಾಗ ಕೊಳ್ಳುವವನು ನೋಡುವುದು. ಕಡ್ಡಿಯ ಹಿಂದೆ ಎರಕದಲ್ಲೇ ಮೂಡಿದ ಸಣ್ಣ ಗಡಿಯಾರದಂಥ ಗುರುತು. ಬಾಣದ ಮೊನೆ ತಯಾರಾದ ತಿಂಗಳು ಹೇಳುತ್ತದೆ. ಪಕ್ಕದಲ್ಲಿ ಜಪಾನಿನ ಜೆಡಬ್ಲ್ಯುಎಲ್ ಮುದ್ರೆ. ಒಳ ಅಂಚಿನ ಸುತ್ತ ಬೆರಳಾಡಿಸುತ್ತ ಹೋದರು. ಬೆಂಗಳೂರಿನ ಗುಂಡಿಗಳು ಚಕ್ರವನ್ನು ಬಗ್ಗಿಸುವುದು ಒಳಗಿನಿಂದ, ಹೊರಗೆ ಕಾಣುವುದೇ ಇಲ್ಲ. ಮೂರನೆಯ ಚಕ್ರದಲ್ಲಿ ಬೆರಳು ನಿಂತಿತು. ಬಣ್ಣದಡಿ ಏನೋ ಉಬ್ಬು.

‘ಇದಕ್ಕೆ ವೆಲ್ಡಿಂಗ್ ಆಗಿದೆ.’

‘ನಾನು ತಗೊಂಡಾಗಲೇ ಹಾಗಿತ್ತು, ನನಗೆ ಗೊತ್ತಿರಲಿಲ್ಲ’ ಎಂದ ಯಜಮಾನ. ನಿಜವೇ ಇರಬಹುದು. ಇವನೂ ಯಾರದೋ ಫ್ಲೆಕ್ಸಿನ ಮೇಲಿಂದ ತಂದವನೇ ತಾನೆ. ಹುಡುಗರು ಚಕ್ರ ಬಿಟ್ಟರು. ಟೈರನ್ನಾದರೂ ನೋಡೋಣವೆಂದು ಒಬ್ಬ ಬಗ್ಗಿ ಅದರ ಪಕ್ಕೆಯ ಮೇಲಿನ ನಾಲ್ಕು ಅಂಕಿ ಓದಿದ: 2319. ಅಂದರೆ 2019ರ ಇಪ್ಪತ್ತಮೂರನೆಯ ವಾರ. ಟೈರಿನ ಗೆರೆಗಳ ಆಳ ನೋಡಿದರೆ ಕಾನೂನು ಕೇಳುವ 1.6 ಮಿಲಿಮೀಟರಿಗಿಂತ ಎಷ್ಟೋ ಜಾಸ್ತಿ ಇದೆ, ಆದರೆ ರಬ್ಬರು ಮರಗಟ್ಟಿದೆ. ಆಳವಿದೆ, ಹಿಡಿತವಿಲ್ಲ. ಅದೂ ಬೇಡ.

ಕೊನೆಗೆ ಡ್ಯಾಂಪರ್, ಸ್ಪ್ರಿಂಗು ಮತ್ತು ಟರ್ಬೊ. ಮಾತು ನಲವತ್ತೆಂಟು ಸಾವಿರದಲ್ಲಿ ಶುರುವಾಗಿ, ಎಣ್ಣೆಯ ಉಂಗುರದ ಮೇಲೆ ಕಾಲು ಗಂಟೆ ಕುಂಟಿ, ಮೂವತ್ತಾರಕ್ಕೆ ನಿಂತಿತು. ಹುಡುಗರಲ್ಲಿ ಒಬ್ಬ ‘ಊಟಕ್ಕಾದ್ರೂ ಬಿಡಿ ಸರ್’ ಎಂದ. ಯಜಮಾನ ಐನೂರು ಬಿಟ್ಟ. ಫೋನಿನಲ್ಲಿ ದುಡ್ಡು ಬಂದು ಬಿದ್ದ ಸದ್ದು ನೆಲಮಾಳಿಗೆಯಲ್ಲಿ ಎರಡು ಸಲ ಪ್ರತಿಧ್ವನಿಸಿತು.

ಹೀಗೆ ಮುಖಾಮುಖಿ ಮಾರಾಟವಾಗದ ಮಾಲು ರಾತ್ರಿ ಕಲಾಸಿಪಾಳ್ಯ ಸೇರುತ್ತದೆ. ಖಾಸಗಿ ಬಸ್ಸುಗಳ ಹಿಂಬದಿಯ ಡಿಕ್ಕಿಯಲ್ಲಿ ಹೂವಿನ ಬುಟ್ಟಿ, ಬಟ್ಟೆಯ ಬೇಲು, ಹೊಲಿಗೆ ಯಂತ್ರದ ನಡುವೆ ಗೋಣಿಚೀಲದಲ್ಲಿ ಸುತ್ತಿದ ಸೈಲೆನ್ಸರು ಉದ್ದುದ್ದ ಮಲಗುತ್ತದೆ. ಡ್ಯಾಂಪರಿನ ಕಡ್ಡಿಗೆ ಹಳೆ ಸೈಕಲ್ ಟ್ಯೂಬು ಸುತ್ತಬೇಕು. ಒಂದು ಗೀರು ಬಿದ್ದರೂ ಸೀಲು ಹರಿದು ಎಣ್ಣೆ ಸೋರುತ್ತದೆ. ಟರ್ಬೊದ ಬಾಯಿಗಳಿಗೆಲ್ಲ ಟೇಪು. ‘ಒಳಗೇನಿದೆ?’ ಎಂದರೆ ‘ಸ್ಪೇರ್ ಪಾರ್ಟು’, ಅಷ್ಟೇ. ಚೀಟಿಯ ಮೇಲಿನ ಸಂಖ್ಯೆಯ ಫೋಟೊ ತೆಗೆದು ಹುಬ್ಬಳ್ಳಿಯವನಿಗೆ ಕಳಿಸಿದರೆ ವ್ಯವಹಾರ ಮುಗಿಯಿತು. ಸರ್ಕಾರಿ ಬಸ್ಸಿನಲ್ಲಿ ಕಳಿಸುವವರಿಗೆ 2021ರಿಂದ ‘ನಮ್ಮ ಕಾರ್ಗೊ’ ಇದೆ. ಮುಖ ನೋಡದ ಇಬ್ಬರು ಬರೀ ಫೋಟೊ ನಂಬಿ ದುಡ್ಡು, ಸಾಮಾನು ಕಳಿಸಿಕೊಳ್ಳುವ ಈ ನಂಬಿಕೆ ಆಗಾಗ ಮುರಿದುಬೀಳುತ್ತದೆ, ಆದರೂ ನಿಂತಿಲ್ಲ.

ಯಾರಿಗೂ ಬೇಡವಾದದ್ದು ಗುಜರಿಗೆ. ಜೆ.ಸಿ. ರಸ್ತೆಯ ಅಂಗಡಿಗಳದು ಮುಖ್ಯವಾಗಿ ಹೊಸ ಮಾಲಿನ ಥಳುಕು. ಹಳೆಯದಕ್ಕೆ ಶಿವಾಜಿನಗರದ ಗಲ್ಲಿಗಳಿಗೇ ಹೋಗಬೇಕು. ಅಲ್ಲಿ ಬಾನೆಟ್ಟುಗಳು ಗೋಡೆಗೆ ಒರಗಿ ನಿಂತಿರುತ್ತವೆ, ಹೆಡ್‌ಲೈಟುಗಳು ಸೂರಿನಿಂದ ನೇತಾಡುತ್ತವೆ. ಅಂಗಡಿಯವನು ಜರ್ಮನಿಯ ಡ್ಯಾಂಪರನ್ನೂ ಲಾರಿಯ ಕಬ್ಬಿಣವನ್ನೂ ಒಂದೇ ತಕ್ಕಡಿಗೆ ಹಾಕುತ್ತಾನೆ. ಒಂದನ್ನು ಮಾತ್ರ ಅವನೇ ಕೇಳಿ ಪಡೆಯುತ್ತಾನೆ: ಕಾರಿನೊಂದಿಗೆ ಬಂದ ಕ್ಯಾಟಲಿಟಿಕ್ ಕನ್ವರ್ಟರು. ಅದರ ಜೇನುಗೂಡಿನ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪನವಿದೆ. ಸ್ಟೇಜ್ ಟೂ ಹುಚ್ಚಿನಲ್ಲಿ ಅದನ್ನು ಕಿತ್ತು ಮಾರಿಕೊಂಡವರು ಎಷ್ಟೋ ಜನ. ಇಲ್ಲಿ ನನಗೆ ಈ ಹುಡುಗರ ಮೇಲೆ ಮಮತೆ ಉಳಿಯುವುದಿಲ್ಲ. ವಿಷಹೊಗೆ ಸೋಸುವ ಭಾಗವನ್ನು ನಾಲ್ಕು ಕುದುರೆ ಹೆಚ್ಚು ಬರಲೆಂದು ತೆಗೆದುಹಾಕುವುದಕ್ಕೆ ಯಾವ ಹವ್ಯಾಸದ ಹೆಸರೂ ಸಮರ್ಥನೆಯಾಗದು. ಅಡ್ಡರಸ್ತೆಯ ಮಕ್ಕಳು ಉಸಿರಾಡುವುದು ಅದನ್ನೇ.

ಕಾನೂನೂ ಇವರ ಪರವಾಗಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ನಮೂದಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸಬಾರದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಇನ್ನೂ ಬಿಗಿ: ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಅಪಘಾತವಾದಾಗ ವಿಮೆಯ ಸರ್ವೇಯರ್ ಕಾರಿನಡಿ ಬಗ್ಗಿ ನೋಡುವುದು ಈ ಮಾರ್ಪಾಡುಗಳನ್ನೇ.

ಇದರಿಂದಾಗಿಯೇ ಈ ಸಂತೆಯಲ್ಲಿ ಒಂದು ವಿಚಿತ್ರ ನಡೆಯುತ್ತದೆ. ಮೊದಲ ದಿನ ‘ಥೂ, ಸ್ಟಾಕು’ ಎಂದು ಕಿತ್ತು ಬಾಲ್ಕನಿಯ ಮೂಲೆಗೆ ಎಸೆದ ಕಾರ್ಖಾನೆಯ ಸಾಮಾನಿಗೆ ವರ್ಷಗಳ ಮೇಲೆ ಬೇಡಿಕೆ ಏರುತ್ತದೆ. ಕಾರು ಮಾರುವಾಗ ಕೊಳ್ಳುವ ಸಂಸಾರಸ್ಥ ತಗ್ಗಿಸಿದ ಕಾರು ಒಲ್ಲೆ ಎನ್ನುತ್ತಾನೆ. ಅಪಾರ್ಟ್‌ಮೆಂಟಿನ ಹಂಪಿಗೆ ಹೊಟ್ಟೆ ತಗುಲುತ್ತದೆ, ಅಪ್ಪನಿಗೆ ಬೆನ್ನು ನೋವು. ಆಗ ಮೂಲದ ಸ್ಪ್ರಿಂಗು ಬೇಕು, ಮೂಲದ ಸೈಲೆನ್ಸರು ಬೇಕು. ತನ್ನದನ್ನು ಗುಜರಿಗೆ ಹಾಕಿದವನು ಇನ್ನೊಬ್ಬನದನ್ನು ಹುಡುಕಿಕೊಂಡು ಹೊರಡುತ್ತಾನೆ. ಮೈಸೂರಿನ ಹುಡುಗರು ಹೋದ ಮೇಲೆ ಬಂದ ಗಿರಾಕಿ ಅಂಥವರೇ. ನಲವತ್ತೈದರ ಗೃಹಸ್ಥರು, ಜೊತೆಗೆ ಹೆಂಡತಿ. ಉಳಿದ ಯಾವ ಸಾಮಾನಿನ ಮೇಲೂ ಕಣ್ಣು ಹಾಯಿಸಲಿಲ್ಲ. ‘ಕಂಪನಿಯದೇ ಸ್ಪ್ರಿಂಗು ಇದೆಯಾ?’ ಎಂದರು. ಯಜಮಾನ ನಕ್ಕು ‘ಅದು ಮಾರೋಕಲ್ಲ ಸರ್’ ಎಂದ. ಬುದ್ಧಿವಂತ.

ಓದುವವರಲ್ಲಿ ಈ ಹುಚ್ಚಿನವರಿದ್ದರೆ ಎರಡು ಮಾತು. ಕಾರ್ಖಾನೆಯ ಸಾಮಾನನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿ, ಕಾರು ಇರುವವರೆಗೂ ಮಾರಬೇಡಿ. ಬಳಸಿದ ಬ್ರೇಕ್ ಹೋಸ್, ಸೀಟ್ ಬೆಲ್ಟ್, ಬಿರುಕು ಬಿಟ್ಟ ಇಲ್ಲವೇ ಬೆಸುಗೆ ಬಿದ್ದ ಚಕ್ರ, ಇವನ್ನು ಯಾವ ಬೆಲೆಗೂ ಮಾರಬೇಡಿ, ಕೊಳ್ಳಬೇಡಿ, ಬಿಟ್ಟಿ ಸಿಕ್ಕರೂ ತರಬೇಡಿ. ಅಂಥ ಚಕ್ರವನ್ನು ಗುಜರಿಗೆ ಹಾಕುವ ಮುನ್ನ ಗರಗಸದಲ್ಲಿ ಎರಡು ತುಂಡು ಮಾಡಿ ಹಾಕಿ. ಇಡಿಯಾಗಿ ಕೊಟ್ಟರೆ ಅದು ಹೊಸ ಬಣ್ಣ ಬಳಿದುಕೊಂಡು ಮತ್ತೆ ಯಾರದೋ ಕಾರಿಗೆ ಏರುತ್ತದೆ.